ನಡಾವಳಿಯಲ್ಲಿ ನಿಮ್ಮ ಮಾತು ಇದೆಯೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದಿವೆ: ವಿಶ್ವವಿದ್ಯಾಲಯದ ಆಡಳಿತದಲ್ಲಿ ಅಧ್ಯಾಪಕರ ಪಾಲೆಷ್ಟು, ಆ ಪಾಲನ್ನು ಉಳಿಸಿಕೊಳ್ಳುವುದು ಹೇಗೆ. ನಾನು 31 ವರ್ಷ ರಸಾಯನಶಾಸ್ತ್ರ ಕಲಿಸಿದವಳು. ಅದರಲ್ಲಿ ಆರು ವರ್ಷ, ಪಠ್ಯಕ್ರಮ, ಪರೀಕ್ಷೆ, ಪದವಿಗಳ ಬಗ್ಗೆ ತೀರ್ಮಾನಿಸುವ ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ಕೂತಿದ್ದೆ, ಒಂದು ವಿಷಯದ ಪಠ್ಯ ರೂಪಿಸುವ ಅಧ್ಯಯನ ಮಂಡಳಿಯಲ್ಲಿ ಅದಕ್ಕಿಂತ ಹೆಚ್ಚು ಕಾಲ. ಆ ಅನುಭವದಿಂದಲೇ ಉತ್ತರಿಸುತ್ತಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದೆ.

ಪ್ರಶ್ನೆ: ಮೇಡಂ, ನಾನು ಸಹಾಯಕ ಪ್ರಾಧ್ಯಾಪಕಿ. ಈ ವರ್ಷ ಅಕಾಡೆಮಿಕ್ ಕೌನ್ಸಿಲ್‌ಗೆ ಅಧ್ಯಾಪಕರ ಪ್ರತಿನಿಧಿಯಾಗಿ ಆಯ್ಕೆಯಾದೆ. ಮೂರು ಸಭೆ ಮುಗಿದವು. ಅಜೆಂಡಾ ಹಿಂದಿನ ರಾತ್ರಿ ಬರುತ್ತದೆ, ಅನುಬಂಧ ಸೇರಿ ನೂರಾರು ಪುಟ. ಸಭೆಯಲ್ಲಿ ಒಂದೊಂದು ವಿಷಯಕ್ಕೆ ಎರಡು ನಿಮಿಷ. ಹಿರಿಯರೆಲ್ಲ ಕೋಲೆ ಬಸವನ ಹಾಗೆ ತಲೆಯಾಡಿಸುತ್ತಾರೆ. ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ರಾಜೀನಾಮೆ ಕೊಟ್ಟು ನನ್ನ ಪಾಠ ನಾನು ನೋಡಿಕೊಳ್ಳಲೇ?

ಉತ್ತರ: ರಾಜೀನಾಮೆ ಕೊಡಬೇಡಿ. ಮೊದಲು ನನಗಾದದ್ದನ್ನು ಕೇಳಿ.

ನಾನು ಕೌನ್ಸಿಲ್ ಸೇರಿದ ಎರಡನೇ ವರ್ಷ. ವಾರಕ್ಕೊಮ್ಮೆ ನಾಲ್ಕು ಗಂಟೆ ನಡೆಯುತ್ತಿದ್ದ ಪ್ರಾಯೋಗಿಕ ತರಗತಿಯನ್ನು ಎರಡು ಗಂಟೆಗೆ ಇಳಿಸುವ ಪ್ರಸ್ತಾವ ಬಂತು. ಕಳಿಸಿದ ಕಾರ್ಯಸೂಚಿಯಲ್ಲಿ ಅದು ಇರಲೇ ಇಲ್ಲ. ಕೊನೆಯಲ್ಲಿ ‘ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು’ ಅಂತ ಒಂದು ಸಾಲು ಇರುತ್ತದಲ್ಲ, ಅದರಡಿಯಲ್ಲಿ, ಎಲ್ಲರೂ ಕಾಗದ ಮಡಚಿಕೊಳ್ಳುತ್ತಿದ್ದ ಹೊತ್ತಿಗೆ, ಒಂದು ಹಾಳೆ ಹಂಚಿದರು. ನಾನು ಎದ್ದು ನಿಂತೆ. ಹೊಸದಾಗಿ ಕಲಿಯುವವರು ಬ್ಯೂರೆಟ್ ಎಂಬ ಅಳತೆಯ ಕೊಳವೆ ತೊಳೆದು, ದ್ರಾವಣ ತುಂಬಿ, ಗುಳ್ಳೆ ಹೊರಗೆ ಬಿಟ್ಟು, ಮೂರು ಸಲ ಒಂದೇ ರೀಡಿಂಗ್ ಬರುವ ತನಕ ಟೈಟ್ರೇಷನ್ (ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ) ಮಾಡಲು ಎರಡು ಗಂಟೆ ಸಾಲುವುದಿಲ್ಲ ಎಂದೆ. ಸಮಯ ಸಾಲದಿದ್ದರೆ ಅವರು ಪಕ್ಕದವರ ರೀಡಿಂಗ್ ಬರೆದುಕೊಳ್ಳುವುದನ್ನು ಕಲಿಯುತ್ತಾರೆ, ರಸಾಯನಶಾಸ್ತ್ರವನ್ನಲ್ಲ ಎಂದೆ. ಯಾರೂ ಉತ್ತರ ಕೊಡಲಿಲ್ಲ. ‘ಸರಿ, ಗಮನಿಸಿದ್ದೇವೆ’ ಎಂದರು ಅಧ್ಯಕ್ಷರು. ಸಭೆ ಮುಗಿಯಿತು.

ಮೂರು ವಾರ ಬಿಟ್ಟು ನಡಾವಳಿ, ಅಂದರೆ ಸಭೆಯ ಅಧಿಕೃತ ದಾಖಲೆ, ಬಂತು. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಿತ್ತು. ಆ ಪದ ನೋಡಿ ನನಗೆ ನಿದ್ದೆ ಬರಲಿಲ್ಲ. ಸೋತದ್ದಕ್ಕಲ್ಲ, ಸೋಲು ಸಭೆಯಲ್ಲಿ ಇದ್ದದ್ದೇ. ನಾನು ಆ ಕೋಣೆಯಲ್ಲಿ ಇರಲೇ ಇಲ್ಲ ಎಂಬಂತೆ ಬರೆದಿದ್ದರಲ್ಲ, ಅದಕ್ಕೆ.

ಯಾವುದೇ ಸಭೆಯ ಮೊದಲ ವಿಷಯ ಹಿಂದಿನ ಸಭೆಯ ನಡಾವಳಿಯನ್ನು ಸ್ಥಿರೀಕರಿಸುವುದು, ಅಂದರೆ ಸರಿಯಿದೆ ಎಂದು ಒಪ್ಪುವುದು. ಸಾಮಾನ್ಯವಾಗಿ ಅದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಯಾರೂ ತಲೆ ಎತ್ತುವುದಿಲ್ಲ. ಮುಂದಿನ ಸಭೆಯಲ್ಲಿ ನಾನು ಅಲ್ಲೇ ಕೈ ಎತ್ತಿದೆ. ಬರೆದು ತಂದಿದ್ದ ಎರಡು ಸಾಲು ಓದಿದೆ: ‘ಸರ್ವಾನುಮತದಿಂದ ಎಂಬ ಪದದ ಬದಲು ಬಹುಮತದಿಂದ ಎಂದು ತಿದ್ದಬೇಕು. ಪ್ರಯೋಗ ಪೂರ್ಣಗೊಳಿಸಲು ಸಮಯ ಸಾಲದೆಂಬ ಕಾರಣಕ್ಕೆ ಒಬ್ಬ ಸದಸ್ಯರು ವಿರೋಧಿಸಿದರು ಎಂದು ಸೇರಿಸಬೇಕು.’ ಪಕ್ಕದಲ್ಲಿದ್ದ ಗಣಿತದ ಪ್ರಾಧ್ಯಾಪಕರು, ಅದುವರೆಗೆ ನನ್ನ ಜತೆ ಹತ್ತು ಮಾತು ಆಡಿರದವರು, ‘ಅವರು ಹೇಳಿದ್ದು ನಿಜ, ನಾನು ಕೇಳಿದ್ದೇನೆ’ ಎಂದರು. ತಿದ್ದಿದರು. ಎರಡು ವರ್ಷದ ನಂತರ, ವಿದ್ಯಾರ್ಥಿಗಳಿಗೆ ಕೈಕೆಲಸ ಬರುತ್ತಿಲ್ಲವೆಂಬ ದೂರು ಬೇರೆ ವಿಭಾಗಗಳಿಂದ ಬಂದಾಗ ಒಂದು ಪರಿಶೀಲನಾ ಸಮಿತಿ ಕೂತಿತು. ಕಡತ ತೆಗೆದರೆ ಸಿಕ್ಕಿದ್ದು ಆ ಒಂದು ಸಾಲು. ನನ್ನನ್ನು ಕರೆಸಿ ಕೇಳಿದರು. ನಾಲ್ಕು ಗಂಟೆ ವಾಪಸ್ ಬರಲಿಲ್ಲ, ಮೂರು ಬಂತು.

ಆದ್ದರಿಂದ ನೀವು ಮೊದಲು ನಡಾವಳಿ ಓದಿ. ಸಭೆಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಕಡತದಲ್ಲಿ ಕೂರುತ್ತದೆ. ನಿಮ್ಮದೇ ಒಂದು ನೋಟ್‌ಬುಕ್ ಇಟ್ಟುಕೊಂಡು ಯಾರು ಏನೆಂದರು, ತೀರ್ಮಾನ ಏನಾಯಿತು ಎಂದು ಅಲ್ಲೇ ಗೀಚಿಕೊಳ್ಳಿ.

ಹಿಂದಿನ ರಾತ್ರಿ ಅಜೆಂಡಾ ಬರುವ ವಿಚಾರ. ನಿಮ್ಮ ವಿಶ್ವವಿದ್ಯಾಲಯದ ಪರಿನಿಯಮದಲ್ಲಿ (ಅದರ ಆಡಳಿತದ ಲಿಖಿತ ನಿಯಮಗಳಲ್ಲಿ) ಸಭಾ ಸೂಚನೆಗೆ ಎಷ್ಟು ದಿನ ಮುಂಚೆ ಎಂದು ಬಹುಶಃ ಬರೆದೇ ಇದೆ. ತೆಗೆದು ನೋಡಿ. ಇದ್ದರೆ ಆ ಕಲಂ ಹೆಸರಿಸಿ ಕುಲಸಚಿವರಿಗೆ ಒಂದು ವಿನಯದ ಪತ್ರ ಬರೆಯಿರಿ. ಇಲ್ಲದಿದ್ದರೆ, ಅಂಥ ನಿಯಮ ಮಾಡಬೇಕೆಂಬುದನ್ನೇ ನಿಮ್ಮ ಮೊದಲ ಠರಾವಾಗಿ ತನ್ನಿ. ಪಠ್ಯಕ್ರಮ, ಪರೀಕ್ಷೆ, ಪದವಿಗೆ ಸಂಬಂಧಿಸಿದ ಯಾವ ವಿಷಯವೂ ‘ಇತರ ವಿಷಯಗಳು’ ಅಡಿಯಲ್ಲಿ ಬರಕೂಡದು ಎಂದೂ ಅದರಲ್ಲಿ ಸೇರಿಸಿ. ನೂರಾರು ಪುಟ ಒಬ್ಬರೇ ಓದಲಾರಿರಿ. ಮನಸ್ಸಿರುವ ನಾಲ್ಕು ಜನ ಸಿಕ್ಕರೆ ಹಂಚಿಕೊಳ್ಳಿ. ಅನುಬಂಧದಿಂದ ಓದಲು ಶುರು ಮಾಡಿ, ನಿಜವಾದ ಬದಲಾವಣೆ ಇರುವುದು ಅಲ್ಲೇ.

ಇನ್ನೊಂದು ಮಾತು. ಬರೀ ‘ವಿರೋಧಿಸುತ್ತೇನೆ’ ಎಂದು ಕೂರಬೇಡಿ. ಯಾವ ವಾಕ್ಯ ಬೇಡ, ಅದರ ಜಾಗಕ್ಕೆ ಯಾವ ವಾಕ್ಯ ಬೇಕು ಎಂದು ಬರೆದು ಕೊಡಿ. ತಿದ್ದುಪಡಿಗೆ ಅನುಮೋದಕರು ಒಬ್ಬರನ್ನು ಸಭೆಗೆ ಮುಂಚೆಯೇ ಮಾತಾಡಿಸಿಡಿ. ತಲೆಯಾಡಿಸುತ್ತಾರೆ ಎಂದು ನೀವು ಬರೆದ ಆ ಹಿರಿಯರಲ್ಲೂ ಯಾರಾದರೂ ಮಾತಾಡಲಿ ಎಂದು ಕಾಯುತ್ತಿರುವವರು ಇರುತ್ತಾರೆ. ಆ ಗಣಿತದ ಪ್ರಾಧ್ಯಾಪಕರು ಹಾಗೇ ಇದ್ದರು.

ಪ್ರಶ್ನೆ: ನಾನು ಖಾಸಗಿ ಕಂಪನಿಯಲ್ಲಿ ಮ್ಯಾನೇಜರ್. ನಮ್ಮಲ್ಲಿ ನೌಕರರು ಓಟು ಹಾಕಿ ನಿರ್ಧಾರ ಮಾಡುವುದಿಲ್ಲ. ವಿಶ್ವವಿದ್ಯಾಲಯವನ್ನೂ ಆಡಳಿತ ಬಲ್ಲವರ ಕೈಗೆ ಕೊಟ್ಟು ಅಧ್ಯಾಪಕರು ಪಾಠ ಮಾಡಿಕೊಂಡಿದ್ದರೆ ಎಲ್ಲರಿಗೂ ಒಳ್ಳೆಯದಲ್ಲವೇ? ಸಮಿತಿಗಳಲ್ಲಿ ವರ್ಷಗಟ್ಟಲೆ ಕಡತ ಕೊಳೆಯುವುದನ್ನು ನೋಡಿದ್ದೇನೆ.

ಉತ್ತರ: ಕಡತ ಕೊಳೆಯುವುದನ್ನು ನಾನೂ ನೋಡಿದ್ದೇನೆ, ಅದನ್ನು ಸಮರ್ಥಿಸುವುದಿಲ್ಲ. ಆದರೆ ನೌಕರರು ಎಂಬ ಪದದಲ್ಲೇ ನಮ್ಮಿಬ್ಬರ ದಾರಿ ಬೇರೆಯಾಗುತ್ತದೆ. ಮಧ್ಯಯುಗದ ಪ್ಯಾರಿಸ್‌ನಲ್ಲಿ ವಿಶ್ವವಿದ್ಯಾಲಯ ಎಂದರೆ ಕಟ್ಟಡವಲ್ಲ, ಗುರುಗಳು ಸೇರಿ ಕಟ್ಟಿಕೊಂಡ ಸಂಘ. ಬೊಲೋನ್ಯಾದಲ್ಲಿ ಆ ಸಂಘ ವಿದ್ಯಾರ್ಥಿಗಳದ್ದು, ಗುರುಗಳನ್ನು ನೇಮಿಸಿಕೊಳ್ಳುತ್ತಿದ್ದವರು ಅವರೇ. ಆಕ್ಸ್‌ಫರ್ಡ್‌ನಲ್ಲಿ ಇಂದಿಗೂ ‘ಕಾಂಗ್ರಿಗೇಷನ್’ ಎಂಬ ಸಭೆಯೇ ಪರಮೋಚ್ಚ, ಅದರಲ್ಲಿ ಅಧ್ಯಾಪಕರೂ ಹಿರಿಯ ಸಿಬ್ಬಂದಿಯೂ ಸೇರಿ ಐದು ಸಾವಿರಕ್ಕೂ ಹೆಚ್ಚು ಸದಸ್ಯರು. ಆಡಳಿತ ಮಂಡಳಿಯಲ್ಲಿ ಹೊರಗಿನವರಿಗೆ ಬಹುಮತ ಕೊಡುವ ಪ್ರಸ್ತಾವವನ್ನು 2006ರಲ್ಲಿ ಅವರು ಮತ ಹಾಕಿ ತಳ್ಳಿಹಾಕಿದರು. 1985ರಲ್ಲಿ, ತಮ್ಮಲ್ಲೇ ಓದಿದ ಪ್ರಧಾನಿ ಮಾರ್ಗರೇಟ್ ಥ್ಯಾಚರ್ ಅವರಿಗೆ ಗೌರವ ಪದವಿ ಕೊಡಬಾರದೆಂದು 738 ಜನ ಮತ ಹಾಕಿದರು, ಕೊಡಬೇಕೆಂದವರು 319. ಶಿಕ್ಷಣಕ್ಕೆ ಹಣ ಕಡಿತ ಮಾಡಿದ ಸಿಟ್ಟು ಅದು. ಆ ತೀರ್ಮಾನ ಸರಿಯೋ ತಪ್ಪೋ ಎಂದು ಇಂದಿಗೂ ವಾದಿಸಬಹುದು. ತೀರ್ಮಾನ ಅವರದ್ದಾಗಿತ್ತು ಎಂಬುದರಲ್ಲಿ ವಾದವಿಲ್ಲ.

ಚರಿತ್ರೆ ಬಿಡಿ, ಕಾರಣಕ್ಕೆ ಬರೋಣ. ನಿಮ್ಮ ಕಂಪನಿಯ ವಸ್ತು ಚೆನ್ನಾಗಿಲ್ಲದಿದ್ದರೆ ಕೊಂಡವರು ಒಂದು ತಿಂಗಳಲ್ಲಿ ಹೇಳುತ್ತಾರೆ. ಒಂದು ಪದವಿ ಟೊಳ್ಳೋ ಗಟ್ಟಿಯೋ ಎಂದು ಪದವಿ ತೆಗೆದುಕೊಂಡವರಿಗೇ ಹತ್ತು ವರ್ಷ ತಿಳಿಯದೆ ಇರಬಹುದು. ಆವತ್ತೇ ಹೇಳಬಲ್ಲವರು ಆ ವಿಷಯವನ್ನು ಬಲ್ಲವರು. ಮಂಡಳಿಯಲ್ಲಿ ಕೂತ ಬ್ಯಾಂಕರ್ ಲೆಕ್ಕಪತ್ರದ ತಪ್ಪನ್ನು ಕ್ಷಣದಲ್ಲಿ ಹಿಡಿದಾರು. ಒಂದು ಪಿಎಚ್‌ಡಿ ಪ್ರಬಂಧದಲ್ಲಿ ಹೊಸದೇನಾದರೂ ಇದೆಯೇ ಎಂದು ಅವರು ಹೇಗೆ ಹೇಳುತ್ತಾರೆ?

ಹಾಗಂತ ಎಲ್ಲವನ್ನೂ ಅಧ್ಯಾಪಕರೇ ನಡೆಸಬೇಕು ಎಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ 1966ರಲ್ಲಿ ಪ್ರಾಧ್ಯಾಪಕರ ಸಂಘ, ಉನ್ನತ ಶಿಕ್ಷಣ ಸಂಸ್ಥೆಗಳ ಒಕ್ಕೂಟ, ಆಡಳಿತ ಮಂಡಳಿಗಳ ಸಂಘ, ಈ ಮೂರೂ ಕೂಡಿ ಒಂದು ಹೇಳಿಕೆ ರೂಪಿಸಿದವು. ಅದರ ಪ್ರಕಾರ ಪಠ್ಯಕ್ರಮ, ಬೋಧನಾ ಕ್ರಮ, ಸಂಶೋಧನೆ, ಅಧ್ಯಾಪಕರ ನೇಮಕ ಬಡ್ತಿ ಇವುಗಳಲ್ಲಿ ಮೊದಲ ಹೊಣೆ ಅಧ್ಯಾಪಕರದ್ದು. ಕೊನೆಯ ಅಧಿಕಾರ ಮಂಡಳಿಯದ್ದೇ. ಆದರೆ ಈ ವಿಷಯಗಳಲ್ಲಿ ಅಧ್ಯಾಪಕರ ತೀರ್ಮಾನವನ್ನು ಮಂಡಳಿ ಮೀರುವುದು ಅಪರೂಪಕ್ಕೆ ಮಾತ್ರ, ಬಲವಾದ ಕಾರಣವಿದ್ದಾಗ ಮಾತ್ರ, ಆ ಕಾರಣವನ್ನು ವಿವರವಾಗಿ ತಿಳಿಸಿ. ಈ ಕೊನೆಯ ತುಂಡೇ ನನಗೆ ಮುಖ್ಯ. ನಮ್ಮ ಮಾತನ್ನು ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ ಏಕೆಂದು ಬರೆದು ಕೊಡಿ. ಕಾರಣ ಬರೆಯಬೇಕಾಗಿ ಬಂದರೆ ಅಧಿಕಾರದಲ್ಲಿರುವವರು ಯೋಚಿಸಿಯೇ ಬರೆಯುತ್ತಾರೆ.

ಹಣಕಾಸಿನಲ್ಲಿ ನಾವು ದುರ್ಬಲರು, ಒಪ್ಪುತ್ತೇನೆ. ಹಣಕಾಸು ಸಮಿತಿಗೆ ನನ್ನನ್ನು ಹಾಕಿದಾಗ ಆಯವ್ಯಯ ಪತ್ರ ಓದಲು ಬರುತ್ತಿರಲಿಲ್ಲ. ಲೆಕ್ಕ ವಿಭಾಗದ ಒಬ್ಬ ಗುಮಾಸ್ತರ ಪಕ್ಕ ಕೂತು ನಾಲ್ಕು ಶನಿವಾರ ಕಲಿತೆ. ಮಂಜೂರಾದ ಹಣ ಬೇರೆ, ಬಿಡುಗಡೆಯಾದ ಹಣ ಬೇರೆ, ಖರ್ಚಾದದ್ದು ಬೇರೆ ಎಂದು ತಿಳಿದ ಮೇಲೆ ಪ್ರಯೋಗಾಲಯಕ್ಕೆ ‘ಕೊಟ್ಟ’ ಹಣ ಎಲ್ಲಿ ನಿಂತಿದೆ ಎಂದು ಕೇಳಲು ಬಂತು. ನಮ್ಮವರಲ್ಲಿ ಇನ್ನೊಂದು ದೋಷವೂ ಇದೆ. ತಮ್ಮ ವಿಭಾಗದ ಹುದ್ದೆ ಉಳಿಯಲೆಂದು ಯಾವ ವಿದ್ಯಾರ್ಥಿಯೂ ಆರಿಸಿಕೊಳ್ಳದ ಪಠ್ಯ ಪತ್ರಿಕೆಯನ್ನು ಹಿಡಿದುಕೊಂಡು ಕೂರುತ್ತಾರೆ. ಅಲ್ಲಿ ಹೊರಗಿನ ಕಣ್ಣು ಬೇಕು.

ನೀವು ಹೇಳುವ ದಾರಿಯಲ್ಲಿ ಹೋದ ದೇಶಗಳೂ ಇವೆ. ಡೆನ್ಮಾರ್ಕ್ 2003ರ ಕಾನೂನಿನಿಂದ ಹೊರಗಿನವರೇ ಹೆಚ್ಚಿರುವ ಮಂಡಳಿಗಳನ್ನು ತಂದು, ಚುನಾಯಿತ ರೆಕ್ಟರ್ (ವಿಶ್ವವಿದ್ಯಾಲಯದ ಮುಖ್ಯಸ್ಥರು) ಬದಲು ನೇಮಿತ ರೆಕ್ಟರ್ ಪದ್ಧತಿ ಮಾಡಿತು. ಜಪಾನ್ 2014ರ ತಿದ್ದುಪಡಿಯಲ್ಲಿ ಅಧ್ಯಾಪಕರ ಸಭೆಯನ್ನು ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ ಅಭಿಪ್ರಾಯ ಹೇಳುವ ಸಭೆಯನ್ನಾಗಿಸಿತು. ತೀರ್ಮಾನ ಬೇಗ ಆಗುತ್ತದೆ, ನಿಜ. ಆದರೆ ಅಭಿಪ್ರಾಯ ಕೇಳುವುದು ಬೇರೆ, ತೀರ್ಮಾನದಲ್ಲಿ ಪಾಲು ಕೊಡುವುದು ಬೇರೆ. ಕೇಳಿ ಕೇಳಿ ಪಕ್ಕಕ್ಕಿಟ್ಟರೆ ಜನ ಹೇಳುವುದನ್ನೇ ಬಿಡುತ್ತಾರೆ, ಆಮೇಲೆ ತಪ್ಪು ನಡೆಯುತ್ತಿದ್ದರೂ ಯಾರೂ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಭಿನ್ನಮತ ದಾಖಲಿಸಿದರೆ ಬಡ್ತಿಗೆ ಕುತ್ತು ಬರುತ್ತದೆಯೇ? ನೇರವಾಗಿ ಹೇಳಿ.

ಉತ್ತರ: ಬರಬಹುದು. ನನ್ನದು ಒಂದೂವರೆ ವರ್ಷ ತಡವಾಯಿತು. ಅದೇ ಕಾರಣವೆಂದು ಸಾಬೀತು ಮಾಡಲಾರೆ, ಅದೇ ಅಲ್ಲ ಎಂದು ನಂಬಲೂ ಆಗಲಿಲ್ಲ. ಕೆಲಸ ಇನ್ನೂ ಕಾಯಂ ಆಗಿಲ್ಲದಿದ್ದರೆ ಎಲ್ಲ ವಿಷಯಕ್ಕೂ ಎದ್ದು ನಿಲ್ಲಬೇಡಿ. ವಿದ್ಯಾರ್ಥಿಯ ಅಂಕ, ಪದವಿಯ ಸತ್ವ ಹೋಗುವಂಥ ವಿಷಯಕ್ಕೆ ನಿಲ್ಲಿ, ಉಳಿದದ್ದನ್ನು ಕೆಲಸ ಕಾಯಂ ಆದ ಹಿರಿಯ ಸದಸ್ಯರ ಬಾಯಿಂದ ಹೇಳಿಸಿ. ಕಾಯಂ ಆದ ಪ್ರಾಧ್ಯಾಪಕರು ಬಾಯಿ ಮುಚ್ಚಿಕೊಂಡು ಕಿರಿಯರನ್ನು ಮುಂದೆ ತಳ್ಳುವುದನ್ನು ನೋಡಿದ್ದೇನೆ. ಅದು ಹೇಡಿತನ.

ಪ್ರಶ್ನೆ: ಅಧ್ಯಾಪಕರ ಯೂನಿಯನ್ ಇದೆಯಲ್ಲ, ಸೆನೆಟ್, ಕೌನ್ಸಿಲ್ ಎಲ್ಲ ಯಾಕೆ?

ಉತ್ತರ: ಎರಡರ ಕೆಲಸ ಬೇರೆ. ಸಂಬಳ, ರಜೆ, ಸೇವಾ ಷರತ್ತಿಗೆ ಯೂನಿಯನ್. ಏನು ಕಲಿಸಬೇಕು, ಹೇಗೆ ಪರೀಕ್ಷಿಸಬೇಕು, ಯಾರಿಗೆ ಪದವಿ ಕೊಡಬೇಕು ಎಂಬುದಕ್ಕೆ ಕೌನ್ಸಿಲ್. ಇವು ಕಲಸಿಹೋದರೆ ವಿಚಿತ್ರ ಆಗುತ್ತದೆ. ಅಮೆರಿಕದ ಯೆಶಿವಾ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತದಿಂದ ತೀರ್ಪು ಕೊಟ್ಟಿತು: ಈ ಅಧ್ಯಾಪಕರು ಪಠ್ಯಕ್ರಮ, ಪ್ರವೇಶ, ಅಂಕಪದ್ಧತಿ ಎಲ್ಲ ತಾವೇ ತೀರ್ಮಾನಿಸುತ್ತಾರೆ, ಆದ್ದರಿಂದ ಅವರೂ ಆಡಳಿತದವರೇ, ಯೂನಿಯನ್ ಕಟ್ಟುವವರಿಗೆ ಇರುವ ಕಾನೂನಿನ ರಕ್ಷಣೆ ಅವರಿಗಿಲ್ಲ. ಆಡಳಿತದಲ್ಲಿ ಪಾಲು ಪಡೆದದ್ದಕ್ಕೇ ಇನ್ನೊಂದು ಹಕ್ಕು ಹೋಯಿತು. ನನಗೆ ಆ ತೀರ್ಪು ಸರಿ ಎನಿಸುವುದಿಲ್ಲ. ಪಠ್ಯಕ್ರಮ ಬರೆದವರಿಗೆ ತಮ್ಮ ಸಂಬಳ ಬರೆದುಕೊಳ್ಳುವ ಅಧಿಕಾರ ಎಲ್ಲಿ ಬಂತು?

ಪ್ರಶ್ನೆ: ನಾನು ಸ್ನಾತಕೋತ್ತರ ವಿದ್ಯಾರ್ಥಿ. ಕೌನ್ಸಿಲ್‌ನಲ್ಲಿ ನಮಗೂ ಅಧ್ಯಾಪಕರಷ್ಟೇ ಮತ ಬೇಕೆಂದು ಕೇಳುವುದು ತಪ್ಪೇ?

ಉತ್ತರ: ಕೇಳುವುದು ತಪ್ಪಲ್ಲಪ್ಪ. ಅರ್ಜೆಂಟೀನಾದ ಕಾರ್ಡೋಬಾದಲ್ಲಿ 1918ರಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿ ಇದನ್ನೇ ಕೇಳಿದರು. ಅಧ್ಯಾಪಕರು, ವಿದ್ಯಾರ್ಥಿಗಳು, ಪದವೀಧರರು ಕೂಡಿ ಆಡಳಿತ ನಡೆಸುವ ಪದ್ಧತಿ ಅಲ್ಲಿಂದ ಲ್ಯಾಟಿನ್ ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಜರ್ಮನಿಯಲ್ಲಿ ಸಮಪಾಲಿನ ವಿವಾದ ಸಂವಿಧಾನ ನ್ಯಾಯಾಲಯದ ತನಕ ಹೋಯಿತು. 1973ರ ತೀರ್ಪಿನಲ್ಲಿ ಎಲ್ಲ ವರ್ಗದವರೂ ಸೇರಿ ನಡೆಸುವ ವಿಶ್ವವಿದ್ಯಾಲಯವನ್ನು ನ್ಯಾಯಾಲಯ ಒಪ್ಪಿತು. ಆದರೆ ಬೋಧನೆಯ ವಿಷಯದಲ್ಲಿ ಪ್ರೊಫೆಸರುಗಳಿಗೆ ಅರ್ಧ ಮತ, ಸಂಶೋಧನೆ ಮತ್ತು ನೇಮಕದಲ್ಲಿ ಅರ್ಧಕ್ಕಿಂತ ಹೆಚ್ಚು ಇರಬೇಕೆಂದಿತು. ನಾನು ಆ ಕಡೆಯವಳು. ಕಲಿಯುವುದರಲ್ಲಿ ಎಲ್ಲಿ ಕಷ್ಟವಾಗುತ್ತಿದೆ ಎಂದು ನಿನ್ನಷ್ಟು ಚೆನ್ನಾಗಿ ನಾನು ಹೇಳಲಾರೆ, ಅದಕ್ಕೆ ನಿನ್ನ ಮತ ಬೇಕು. ಉತ್ತರಪತ್ರಿಕೆಗೆ ಎಷ್ಟು ಅಂಕ ಎಂಬುದರಲ್ಲಿ ನಿನ್ನ ಮತ ಬೇಡ.

ಪ್ರಶ್ನೆ: ನಾನು ಒಂಬತ್ತು ವರ್ಷದಿಂದ ತಾತ್ಕಾಲಿಕ ಅಧ್ಯಾಪಕ. ವಿಭಾಗದ ಅರ್ಧ ಪಾಠ ನಮ್ಮದೇ. ವಿಭಾಗದ ಸಭೆಗೆ ನಮ್ಮನ್ನು ಕರೆಯುವುದೂ ಇಲ್ಲ. ನಾವು ಅಧ್ಯಾಪಕರಲ್ಲವೇ, ಮೇಡಂ?

ಉತ್ತರ: ಈ ಪತ್ರವನ್ನು ಮೂರು ಸಲ ಓದಿದೆ. ನೀವು ಅಧ್ಯಾಪಕರೇ. ಯುನೆಸ್ಕೊ 1997ರಲ್ಲಿ ಉನ್ನತ ಶಿಕ್ಷಣದ ಬೋಧಕರ ಸ್ಥಾನಮಾನದ ಬಗ್ಗೆ ಒಂದು ಶಿಫಾರಸು ಅಂಗೀಕರಿಸಿತು. ಅದರ ಪ್ರಕಾರ ಬೋಧಕರು ಎಂದರೆ ಕಲಿಸಲು ನೇಮಕವಾದ ಎಲ್ಲರೂ. ಆಡಳಿತ ಸಭೆಗಳಲ್ಲಿ ಭಾಗವಹಿಸುವ, ತಮ್ಮದೇ ಸಂಸ್ಥೆಯನ್ನು ಟೀಕಿಸುವ, ಶೈಕ್ಷಣಿಕ ಸಭೆಗಳಿಗೆ ಬಹುಪಾಲು ಪ್ರತಿನಿಧಿಗಳನ್ನು ಆರಿಸುವ ಹಕ್ಕು ಅವರಿಗಿರಬೇಕು ಎಂದು ಅದರಲ್ಲಿದೆ. ಅದು ಶಿಫಾರಸು, ಕಾನೂನಲ್ಲ. ಆದರೆ ಅರ್ಜಿಯಲ್ಲಿ ಉಲ್ಲೇಖಿಸಲು ಬರುತ್ತದೆ.

ನನ್ನ ಮನಸ್ಸಿನಲ್ಲಿ ಉಳಿದದ್ದನ್ನು ಇಲ್ಲಿ ಹೇಳಬೇಕು. ನಾನು ವಿಭಾಗಾಧ್ಯಕ್ಷೆ ಆಗಿದ್ದಾಗ ನಮ್ಮಲ್ಲೂ ನಾಲ್ವರು ತಾತ್ಕಾಲಿಕರಿದ್ದರು. ಮೊದಲ ವರ್ಷದ ಪಠ್ಯವನ್ನು ಬದಲಾಯಿಸುವ ಸಭೆಗೆ ಅವರನ್ನು ಕರೆಯಲಿಲ್ಲ, ನಿಯಮದಲ್ಲಿ ಇಲ್ಲ ಎಂದು. ಆ ಪಠ್ಯವನ್ನು ತರಗತಿಯಲ್ಲಿ ನಿಂತು ಕಲಿಸುತ್ತಿದ್ದವರು ಅವರು ಮಾತ್ರ. ಹೊಸ ಪಠ್ಯ ಬಂದ ಮೇಲೆ ಅವರಲ್ಲೊಬ್ಬರು ಬಂದು, ‘ಮೇಡಂ, ಎರಡನೇ ಘಟಕಕ್ಕೆ ಬೇಕಾದ ಗಣಿತ ನಾಲ್ಕನೇ ಘಟಕದಲ್ಲಿ ಬರುತ್ತೆ’ ಎಂದರು. ಸಭೆಗೆ ಕರೆದಿದ್ದರೆ ಐದು ನಿಮಿಷದ ಮಾತು. ಒಂದು ವರ್ಷದ ವಿದ್ಯಾರ್ಥಿಗಳೆಲ್ಲ ಆ ತಪ್ಪನ್ನು ಅನುಭವಿಸಿದರು. ಕರೆಯಬೇಡಿ ಎಂದು ಯಾವ ನಿಯಮವೂ ಹೇಳಿರಲಿಲ್ಲ, ಮತ ಇಲ್ಲ ಎಂದಷ್ಟೇ ಇತ್ತು. ನಾನು ಓದದೆ ಊಹಿಸಿಕೊಂಡಿದ್ದೆ. ಆ ನಾಲ್ವರ ಕ್ಷಮೆಯನ್ನು ಆಗಲೇ ಕೇಳಿದ್ದೇನೆ, ಇಲ್ಲೂ ಕೇಳುತ್ತೇನೆ.

ನೀವು ಮತದ ಹಕ್ಕಿನಿಂದ ಶುರು ಮಾಡಬೇಡಿ, ಅದಕ್ಕೆ ಪರಿನಿಯಮ ತಿದ್ದಬೇಕು, ವರ್ಷಗಳು ಹಿಡಿಯುತ್ತವೆ. ನೀವು ಕಲಿಸುವ ಪತ್ರಿಕೆಯ ಚರ್ಚೆ ಬಂದಾಗ ಆಹ್ವಾನಿತರಾಗಿ ಕೂರಲು ಅವಕಾಶ ಕೊಡಿ ಎಂದು ವಿಭಾಗಾಧ್ಯಕ್ಷರಿಗೆ ಒಟ್ಟಾಗಿ ಸಹಿ ಹಾಕಿ ಬರೆಯಿರಿ. ನಾನೇ ಆ ಕುರ್ಚಿಯಲ್ಲಿ ಕೂತಿದ್ದವಳಾಗಿ ಹೇಳುತ್ತೇನೆ, ಆ ಪತ್ರಕ್ಕೆ ಇಲ್ಲ ಎಂದು ಬರೆಯುವುದು ಸುಲಭವಲ್ಲ.

ಪ್ರಶ್ನೆ: ನಾನು ಡೀನ್. ಅಧ್ಯಾಪಕರು ಬರುತ್ತಿಲ್ಲ ಎಂಬುದೇ ನನ್ನ ದೂರು. ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ) ಆಗದೆ ಎರಡು ಸಭೆ ಮುಂದೂಡಿದ್ದೇನೆ. ಆಮೇಲೆ ನಮ್ಮನ್ನು ಕೇಳಲಿಲ್ಲ ಎಂದು ಅವರೇ ಗೊಣಗುತ್ತಾರೆ.

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ ಸರ್. ಒಂದು ಕೆಲಸ ಮಾಡಿ. ಕಳೆದ ಎರಡು ವರ್ಷದಲ್ಲಿ ನಿಮ್ಮ ಸಮಿತಿಗಳು ಕೊಟ್ಟ ಶಿಫಾರಸುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ. ಪಕ್ಕದ ಅಂಕಣದಲ್ಲಿ ಪ್ರತಿಯೊಂದೂ ಏನಾಯಿತು ಎಂದು: ಜಾರಿಯಾಯಿತು, ತಿರಸ್ಕೃತವಾಯಿತು (ಕಾರಣ ಸಹಿತ), ಇನ್ನೂ ಮೇಜಿನ ಮೇಲಿದೆ. ಆ ಹಾಳೆಯನ್ನು ಮುಂದಿನ ಸಭಾ ಸೂಚನೆಯ ಜತೆಗೇ ಎಲ್ಲರಿಗೂ ಕಳಿಸಿ. ‘ಮೇಜಿನ ಮೇಲಿದೆ’ ಎಂಬ ಸಾಲುಗಳು ಹೆಚ್ಚಿದ್ದರೆ ಅವರು ಏಕೆ ಬರುತ್ತಿಲ್ಲ ಎಂದು ನಿಮಗೇ ಗೊತ್ತಾಗುತ್ತದೆ.

ಸಮಿತಿ ಕೆಲಸವನ್ನು ಕೆಲಸದ ಹೊರೆಯಲ್ಲಿ ಲೆಕ್ಕ ಹಿಡಿಯುತ್ತೀರಾ? ವಾರಕ್ಕೆ ಹದಿನಾರು ಗಂಟೆ ಪಾಠ ಹೇಳಿ, ಮೌಲ್ಯಮಾಪನ ಮಾಡಿ, ಸಂಜೆ ಐದಕ್ಕೆ ಸಭೆ ಎಂದರೆ ಚಿಕ್ಕ ಮಕ್ಕಳಿರುವವರು ಬರುವುದಿಲ್ಲ. ಹೆಣ್ಣುಮಕ್ಕಳಂತೂ ಮೊದಲು ತಪ್ಪಿಹೋಗುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟು ನೋಡಿ. ಒಂದೇ ಕೆಲಸ ಮಾಡುವ ಎರಡು ಸಮಿತಿಗಳಿದ್ದರೆ ಒಂದನ್ನು ಮುಚ್ಚಿ. ಸಭೆ ಮುಗಿದ ಮೂರು ದಿನದೊಳಗೆ ಕರಡು ನಡಾವಳಿ ಎಲ್ಲರ ಕೈ ಸೇರಲಿ, ತಿದ್ದಲು ಒಂದು ವಾರ ಕೊಡಿ. ಇಷ್ಟು ಮಾಡಿದ ಮೇಲೂ ಕೋರಂ ಆಗದಿದ್ದರೆ ಇನ್ನೊಂದು ಪತ್ರ ಬರೆಯಿರಿ, ಆ ಹಾಳೆಯ ಪ್ರತಿಯನ್ನೂ ಲಗತ್ತಿಸಿ.